ಕಣಿವೆಯ ಕಡೆಗೆ ಎಳೆಯುವ ಗಾಡಿ

“ಅಜ್ಜಾರ, ನಾ ಬಾಗೂದು ಭಕ್ತಿಯಿಂದೋ, ಅಂಜಿಕಿಯಿಂದೋ? ನನಗ ತಿಳೀವಲ್ದು.”

ಹೀಗೆ ಕೇಳಿದವನು ಮಡಿವಾಳಯ್ಯ. ಮಠದಲ್ಲಿ ಅವನಷ್ಟು ವಿನಯವಂತ ಶಿಷ್ಯ ಇನ್ನೊಬ್ಬನಿಲ್ಲ ಎಂದು ಹೆಸರಾಗಿತ್ತು. ದೊಡ್ಡವರು ಎದುರಾದರೆ ಬಾಗುತ್ತಿದ್ದ. ಚಿಕ್ಕವರು ಎದುರಾದರೂ ಬಾಗುತ್ತಿದ್ದ. ಅಡುಗೆಮನೆಯಲ್ಲಿ ಯಾರೋ ಸೌಟು ಕೆಡವಿದರೆ ಆ ಸದ್ದಿಗೂ ಅವನ ಕುತ್ತಿಗೆ ಬಾಗುತ್ತಿತ್ತು. ಈ ವಿನಯವನ್ನು ಕಂಡೇ ಬಿಳಿಮಟ್ಟಿಯ ಶಾಖಾಮಠದ ಭಕ್ತರು, ನಮ್ಮ ಪಟ್ಟಕ್ಕೆ ಇವನನ್ನೇ ಕೊಡಿ ಎಂದು ಕೇಳಿಕೊಂಡಿದ್ದರು. ಮರುದಿನ ಅವರಿಗೆ ಉತ್ತರ ಹೇಳಬೇಕಾಗಿತ್ತು.

“ನಮ್ಮಪ್ಪ ಭಾಳ ಸಿಟ್ಟಿನ ಮನಶ್ಯಾ ಇದ್ದರ್ರಿ” ಎಂದ ಮಡಿವಾಳಯ್ಯ. “ಅವರ ಕೈ ಏಳೂದ್ರಾಗ ನನ್ನ ಕುತ್ತಿಗಿ ಬಾಗತಿತ್ತು. ಅವರು ಹೋಗಿ ಭಾಳ ವರ್ಷ ಆತು. ಇಲ್ಲಿ ನನಗ ಯಾರೂ ಹೊಡ್ಯೂದಿಲ್ಲ, ಬೈಯೂದಿಲ್ಲ. ಆದ್ರೂ ಬಾಗತೈತಿ. ಮಂದಿ ಇದಕ್ಕ ವಿನಯ ಅಂತಾರ. ಬಿಳಿಮಟ್ಟಿಯೊಳಗ ಜೋರಿನ ಮಂದಿ ಅದಾರ್ರಿ. ನಾಳೆ ಅವರು ಬಡವರ ಮ್ಯಾಲ ಕೈ ಎತ್ತಿದಾಗ ನಾ ಅವರಿಗೂ ಹಿಂಗ ಬಾಗಿದ್ರ, ಆ ಬಡವರ ಗತಿ ಏನು?”

ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರು ಕೇಳಿದ್ದಕ್ಕೆ ಸೀದಾ ಉತ್ತರ ಕೊಡುವ ಪೈಕಿ ಅಲ್ಲ. ಪ್ರಾಯದಲ್ಲಿ ಹಿಮಾಲಯದ ಕಡೆ ತಿರುಗಿ ಬಂದವರು. ಅಲ್ಲಿಯ ಶಿಖರಗಳು ಅವರಿಗೆ ಮರೆತುಹೋಗಿದ್ದವು. ಅಲ್ಲಿಯ ಜನರ ಪೇಚಾಟ ಮಾತ್ರ ಚೆನ್ನಾಗಿ ನೆನಪಿತ್ತು. “ಕುಂದರು” ಎಂದು ಈ ಕತೆ ಹೇಳಿದರು.

ಹಿಮದ ನಾಡಿನಲ್ಲಿ ಒಂದು ಹಳ್ಳಿ. ಚಳಿಗಾಲ ಬಂತೆಂದರೆ ಅಲ್ಲಿ ದಾರಿ ಮುಚ್ಚುತ್ತದೆ. ಬಸ್ಸಿಲ್ಲ, ಜೀಪಿಲ್ಲ. ಉಪ್ಪು ಬೇಕೆಂದರೂ ಆಸ್ಪತ್ರೆ ಬೇಕೆಂದರೂ ಕೆಳಗಿನ ಪೇಟೆಗೆ ಹೋಗಬೇಕು. ಹೋಗಲು ಊರಿಗೆಲ್ಲ ಇರುವುದು ಒಂದೇ ಗಾಡಿ. ಅದಕ್ಕೆ ಸ್ನೋ ಸ್ಕೂಟರ್ ಎನ್ನುತ್ತಾರೆ. ಹೆಸರು ಸ್ಕೂಟರ್, ಆದರೆ ಚಕ್ರವೇ ಇಲ್ಲ. ಮುಂದೆ ಹಿಮದ ಮೇಲೆ ಜಾರುವ ಎರಡು ಪಟ್ಟಿ. ಹಿಂದೆ ಒಂದು ಅಗಲವಾದ ರಬ್ಬರ್ ಬೆಲ್ಟು. ಬೆಲ್ಟು ಸುತ್ತುತ್ತ ಹಿಮವನ್ನು ಒದ್ದು ಗಾಡಿಯನ್ನು ಮುಂದೆ ತಳ್ಳುತ್ತದೆ. ಆ ಬೆಲ್ಟಿನ ಹೊಟ್ಟೆಯೊಳಗೆ ಒಂದು ಚೌಕಟ್ಟು, ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಗಟ್ಟಿ ಸ್ಪ್ರಿಂಗು. ಮೇಲೆ ಕೂತವರ ಭಾರವನ್ನೆಲ್ಲ ಹೊರುವುದು ಇದೇ ಸಸ್ಪೆನ್ಶನ್. ಮೇಲೆ ಕೂತವರಿಗೆ ಅದು ಕಾಣುವುದಿಲ್ಲ. ಭಾರ ಹೊರುವವರ ಪಾಡು ಎಲ್ಲ ಕಡೆಯೂ ಹಾಗೆಯೇ.

ಆ ಗಾಡಿಯನ್ನು ಓಡಿಸುವ ಸವಾರ ಒಬ್ಬನಿದ್ದ. ಅವನಿಗಿಂತ ಮೊದಲು ಅವನ ಸೋದರಮಾವ ಓಡಿಸುತ್ತಿದ್ದ. ಮಾವ ತೀರಿಕೊಂಡ ಮೇಲೆ ಹ್ಯಾಂಡಲ್ ಇವನ ಕೈಗೆ ಬಂದಿತ್ತು.

ಪೇಟೆಯ ದಾರಿಯಲ್ಲಿ ಒಂದು ಇಕ್ಕಟ್ಟಿನ ಜಾಗವಿತ್ತು. ಇಳಿಯುವಾಗ ಬಲಕ್ಕೆ ಬಂಡೆಯ ಗೋಡೆ, ಎಡಕ್ಕೆ ಕಣಿವೆ. ನಡುವೆ ಗಾಡಿ ಹಿಡಿಸುವಷ್ಟೇ ದಾರಿ. ಕಣಿವೆಯ ಅಂಚಿನಲ್ಲಿ ಒಂದು ಕಲ್ಲುಗುಪ್ಪೆ. ಅದನ್ನು ಕಣಿವೆಯ ತಾಯಿ ಎಂದು ಜನ ಪೂಜಿಸುತ್ತಿದ್ದರು. ಪೇಟೆಗೆ ಇಳಿಯುವ ಗಾಡಿ ಅಲ್ಲಿಗೆ ಬಂದಾಗ ಸವಾರನೂ ಅವನ ಹಿಂದೆ ಕೂತವರೂ ಒಟ್ಟಿಗೆ ಎಡಕ್ಕೆ ಬಾಗಿ, ತಾಯಿಗೆ ತಲೆ ತಗ್ಗಿಸಿ ದಾಟುತ್ತಿದ್ದರು. ನಿದ್ದೆ ಬಂದವರನ್ನು ಎಬ್ಬಿಸಿ ಬಾಗಿಸುತ್ತಿದ್ದರು. ಬಾಗದೆ ದಾಟಿದವನು ಮನೆ ಸೇರುವುದಿಲ್ಲ ಎಂಬ ಮಾತಿತ್ತು. ಬಾಗದೆ ದಾಟಿ ನೋಡಿದವರು ಯಾರೂ ಇರಲಿಲ್ಲ, ಆದ್ದರಿಂದ ಮಾತು ಸುಳ್ಳಾಗಿರಲಿಲ್ಲ.

ಒಂದು ವರ್ಷ ಗಾಡಿಯ ಹಿಂದಿನ ಚೌಕಟ್ಟು ಸೀಳಿತು. ಚಳಿಗಾಲ ಎದುರಿಗಿತ್ತು. ಸವಾರನ ಹೆಂಡತಿ ಚೊಚ್ಚಲ ಬಸುರಿ. ಹಿಮದ ನಡುವೆಯೇ ಹೆರಿಗೆಯಾಗುವ ಲೆಕ್ಕ. ಗಾಡಿ ಇಲ್ಲದಿದ್ದರೆ ಅವಳಿಗೆ ಆಸ್ಪತ್ರೆ ಇಲ್ಲ. ಅವನು ಗಾಡಿಯನ್ನು ಹೇಗೋ ಪೇಟೆಗೆ ಇಳಿಸಿ ಮೆಕ್ಯಾನಿಕ್ಕಿಗೆ ಒಪ್ಪಿಸಿದ. ಮೆಕ್ಯಾನಿಕ್ ಹಳೆಯ ಸಸ್ಪೆನ್ಶನ್ ಇಡಿಯಾಗಿ ಬಿಚ್ಚಿ ಗುಜರಿಗೆ ಹಾಕಿ ಹೊಸದನ್ನು ಕೂರಿಸಿದ.

“ಹೊಸಾದು, ನಿಮ್ಮ ಭಾರಕ್ಕ ಹೊಂದಿಸಿಕೋಬೇಕಾಗತೈತಿ” ಎಂದ. “ಸ್ಪ್ರಿಂಗಿನ ನಟ್ಟು ಒಂದು ಸಲಕ್ಕ ಒಂದ ತಿರುವು. ಓಡಿಸಿ ನೋಡು. ಆಮ್ಯಾಲ ಇನ್ನೊಂದು.”

ಹೀಗೆ ಹೇಳಿ ಅಂಗಡಿಗೆ ಬೀಗ ಹಾಕಿ ಚಳಿಗಾಲ ಕಳೆಯಲು ಬಯಲು ನಾಡಿಗೆ ಹೊರಟುಹೋದ. ಹಿಮ ಬಿತ್ತು. ದಾರಿ ಮುಚ್ಚಿತು.

ಸವಾರ ಹೊಸ ಸಸ್ಪೆನ್ಶನ್ನಿನ ಮೇಲೆ ಇಬ್ಬರನ್ನು ಕೂರಿಸಿಕೊಂಡು ಮೊದಲ ಸಲ ಹೊರಟ. ಬಯಲಿನಲ್ಲಿ ಗಾಡಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಯಿತು. ಇಕ್ಕಟ್ಟಿನ ಜಾಗ ಬಂತು. ಮೂವರೂ ತಾಯಿಗೆ ಬಾಗಿದರು. ಗಾಡಿ ಸರಕ್ಕನೆ ಎಡಕ್ಕೆ ಹೊರಳಿತು. ಅವನು ಬ್ರೇಕು ಹಿಡಿಯುವಷ್ಟರಲ್ಲಿ ಎಡಗಡೆಯ ಪಟ್ಟಿಯ ತುದಿ ಕಣಿವೆಯ ಮೇಲೆ ಚಾಚಿಕೊಂಡಿತ್ತು. ಮೂವರೂ ಮೆಲ್ಲಗೆ ಇಳಿದು ಗಾಡಿಯನ್ನು ಹಿಂದಕ್ಕೆ ಎಳೆದರು.

ಮನೆಗೆ ಬಂದು ಅಂಗಳದಲ್ಲಿ ಪರೀಕ್ಷೆ ಮಾಡಿದ. ಭಾರವಿಲ್ಲದೆ ಗಾಡಿಯ ಎತ್ತರವನ್ನು ಕೋಲು ಹಿಡಿದು ಅಳೆದ. ನೆರೆಯವರನ್ನು ಕೂರಿಸಿ ಎಷ್ಟು ಕುಗ್ಗಿತೆಂದು ಅಳೆದ. ಎಡ ಬಲ ಎರಡೂ ಸಮ. ಓಡಿಸಿದ. ನೆಟ್ಟಗೆ ಓಡಿತು. ಸರಿ, ಅಂದಿನದು ಏನೋ ಕೈತಪ್ಪು ಎಂದುಕೊಂಡು ಮತ್ತೆ ಹೋದ. ಅದೇ ಜಾಗದಲ್ಲಿ ಗಾಡಿ ಮತ್ತೆ ಎಡಕ್ಕೆ ಎಳೆಯಿತು.

ಅಂಗಳದಲ್ಲಿ ಸರಿ, ಅಂಚಿನಲ್ಲಿ ತಪ್ಪು. ಇದ್ಯಾವ ರೋಗ? ಅವನಿಗೆ ತಲೆ ಕೆಟ್ಟಿತು. ಎಡಗಡೆಯ ಸ್ಪ್ರಿಂಗನ್ನು ಒಂದು ತಿರುವು ಬಿಗಿದ. ರೋಗ ಹೋಗಲಿಲ್ಲ. ಬೆಲ್ಟಿನ ನಟ್ಟನ್ನು ಬಿಗಿದ. ಹೋಗಲಿಲ್ಲ. ಮುಂದಿನ ಜಾರುಪಟ್ಟಿಗಳ ಮೇಲೆ ಭಾರ ಸಾಲದೇನೋ ಎಂದು ಚೌಕಟ್ಟಿನ ಮುಂಭಾಗವನ್ನು ಹಿಡಿದ ಬಾರನ್ನು ಗಿಡ್ಡ ಮಾಡಿದ. ಅದಕ್ಕೂ ಹೋಗಲಿಲ್ಲ. ಆಮೇಲೆ ತಾಳ್ಮೆ ಹೋಯಿತು. ಒಂದು ಸಲಕ್ಕೆ ಒಂದೇ ತಿರುವು ಎಂಬ ಮಾತು ಮರೆತು, ಅದನ್ನಿಷ್ಟು ಸಡಿಲಿಸಿ, ಇದನ್ನಿಷ್ಟು ಬಿಗಿದು, ಯಾವುದರಿಂದ ಏನಾಯಿತೆಂದು ತನಗೇ ಗೊತ್ತಾಗದ ಹಾಗೆ ಮಾಡಿಕೊಂಡ. ಗೊಂದಲ ಬಿದ್ದವನ ಕೈಗೆ ಪಾನಾ ಕೊಡಬಾರದು. ರಿಪೇರಿ ಮುಗಿಯುವುದಿಲ್ಲ, ನಟ್ಟು ಸವೆಯುತ್ತದೆ.

ಊರಿನವರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಅವರಿಗೆ ಕಾರಣ ಮೊದಲ ದಿನವೇ ಗೊತ್ತಾಗಿತ್ತು. ಇಷ್ಟು ವರ್ಷ ತಾಯಿಯ ಮುಂದೆ ಬಾಗಿ ಬಂದ ಸಾಮಾನನ್ನು ಇವನು ಒಂದು ಕಾಯಿ ಕೂಡ ಒಡೆಯದೆ ಗುಜರಿಗೆ ಹಾಕಿದ. ತಾಯಿ ಮುನಿದಿದ್ದಾಳೆ. ಎಡಕ್ಕೆ ಎಳೆಯುತ್ತಿರುವುದು ಗಾಡಿಯಲ್ಲ, ಅವಳು. ಮುನಿದವಳ ಮುಂದೆ ಇನ್ನೂ ತಗ್ಗಬೇಕಲ್ಲವೇ? ಮೊದಲು ಕುತ್ತಿಗೆ ಬಾಗಿಸುತ್ತಿದ್ದವರು ಈಗ ಸೊಂಟ ಬಾಗಿಸಿದರು. ಗಾಡಿ ಇನ್ನೂ ಜೋರಾಗಿ ಎಡಕ್ಕೆ ಹೊರಳಿತು. ಅವರು ಇನ್ನೂ ಅಂಜಿದರು. ಬಾಗಿದಷ್ಟೂ ಅದು ಎಳೆಯಿತು, ಎಳೆದಷ್ಟೂ ಇವರು ಬಾಗಿದರು. ಕೊನೆಗೆ ಗಾಡಿ ಹತ್ತುವವರೇ ಕಡಿಮೆಯಾದರು.

ಸವಾರ ಒಂದು ದಿನ ರೋಸಿ ಬಲಗಡೆಯ ಸ್ಪ್ರಿಂಗನ್ನು ಪೂರ್ತಿ ಸಡಿಲ ಬಿಟ್ಟ. ಗಾಡಿ ಬಲಕ್ಕೆ ವಾಲಿತು. ಹಾಗೇ ಹೋದ. ಇಕ್ಕಟ್ಟಿನ ಜಾಗದಲ್ಲಿ ಬಾಗಿದ. ಗಾಡಿ ನೆಟ್ಟಗೆ ದಾಟಿತು! ಸಂತೋಷದಿಂದ ಕೂಗಿಕೊಂಡ. ಪೇಟೆಯಿಂದ ಮಿಠಾಯಿ ತಂದು ಹಂಚಿದ. ಮಿಠಾಯಿ ಬಾಯಲ್ಲಿ ಕರಗುವ ಮೊದಲೇ ರಬ್ಬರ್ ಸುಟ್ಟ ವಾಸನೆ ಬಂತು. ಒಂದು ಮಗ್ಗುಲಿಗೆ ವಾಲಿದ ಗಾಡಿಯಲ್ಲಿ ಬೆಲ್ಟು ದಾರಿಯುದ್ದಕ್ಕೂ ಚೌಕಟ್ಟಿಗೆ ಉಜ್ಜಿ, ಅದರ ಅಂಚು ನಾರುನಾರಾಗಿತ್ತು. ಹೀಗೇ ಓಡಿಸಿದರೆ ನಡುದಾರಿಯಲ್ಲಿ ಹರಿಯುವುದು ಖಂಡಿತ.

ಹೊಸದನ್ನು ಒಂದು ಮಗ್ಗುಲಿಗೆ ವಾಲಿಸಿದರೆ ಅಂಚಿನಲ್ಲಿ ಸರಿ, ದಾರಿಯಲ್ಲಿ ತಪ್ಪು. ಸರಿಪಡಿಸಿದರೆ ದಾರಿಯಲ್ಲಿ ಸರಿ, ಅಂಚಿನಲ್ಲಿ ಸಾವು. ಅತ್ತ ದರಿ, ಇತ್ತ ಪುಲಿ ಎಂಬ ನಮ್ಮ ಗಾದೆಯನ್ನು ಅವನು ಕೇಳಿದವನಲ್ಲ. ಕೇಳಿದ್ದರೆ ತನ್ನ ಮೇಲೆಯೇ ಕಟ್ಟಿದ್ದಾರೆ ಎಂದು ಜಗಳಕ್ಕೆ ಬರುತ್ತಿದ್ದ.

ಹೀಗಿರುವಾಗ ಹೆಂಡತಿಗೆ ನೋವು ಕಾಣಿಸಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಕೂಸು ಅಡ್ಡ ತಿರುಗಿದೆ, ತನ್ನ ಕೈಯಲ್ಲಾಗದು, ಆಸ್ಪತ್ರೆಗೆ ಒಯ್ಯದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದಳು.

ಸವಾರ ಗಾಡಿಯ ಮುಂದೆ ಮೊಣಕಾಲೂರಿ ಕೂತ. ಪಾನಾ ಕೈಗೆತ್ತಿಕೊಂಡ. ಬಲ ಸ್ಪ್ರಿಂಗು ಸಡಿಲವೇ ಇರಲೆಂದರೆ ನಾರಾದ ಬೆಲ್ಟು ಪೇಟೆ ಮುಟ್ಟಿಸುವುದಿಲ್ಲ. ಬಿಗಿದರೆ ಕಣಿವೆ. ಏನೂ ತೋಚದೆ ಅತ್ತುಬಿಟ್ಟ. ಒಳಗಿನಿಂದ ಹೆಂಡತಿಯ ಕೂಗು ಕೇಳಿತು. ಕಣ್ಣೊರೆಸಿಕೊಂಡು ಎಡಕ್ಕೂ ಬಲಕ್ಕೂ ಸಮನಾಗಿ ಬಿಗಿದ, ಮೆಕ್ಯಾನಿಕ್ ಕೊಟ್ಟಾಗ ಇದ್ದ ಹಾಗೆ. ಯೋಚಿಸಿ ಮಾಡಿದ್ದಲ್ಲ. ದಾರಿ ಉದ್ದ, ಅಂಚು ಗಿಡ್ಡ ಎಂಬಷ್ಟೇ ಲೆಕ್ಕ ಆ ಹೊತ್ತಿಗೆ ಹೊಳೆದಿತ್ತು.

ಮುಂದೆ ಅವನು, ನಡುವೆ ಹೆಂಡತಿ, ಹಿಂದೆ ಸೂಲಗಿತ್ತಿ. ಇಕ್ಕಟ್ಟಿನ ಜಾಗ ಬರುವುದಕ್ಕೂ ನೋವು ಏರುವುದಕ್ಕೂ ಸರಿಹೋಯಿತು. ಹೆಂಡತಿ ಎರಡೂ ಕೈಯಿಂದ ಅವನ ಸೊಂಟವನ್ನು ಅವಚಿ ಹಿಡಿದಳು. ಅವನು ಬಾಗಲು ನೋಡಿದ. ಆ ಹಿಡಿತದಲ್ಲಿ ಮೈ ಅಲ್ಲಾಡಲಿಲ್ಲ. ಅವಳ ಹೊಟ್ಟೆ ಅವಳನ್ನು ಬಾಗಗೊಡಲಿಲ್ಲ. ಸೂಲಗಿತ್ತಿಗೆ ಕಣಿವೆಯ ತಾಯಿಯ ನೆನಪಾಗಲು ಪುರಸೊತ್ತೇ ಇರಲಿಲ್ಲ. ಬಸುರಿಯ ಎರಡೂ ತೋಳು ಹಿಡಿದು ಎತ್ತಿ, “ನೆಟ್ಟಗ ಕುಂದರು! ಬಾಗಬ್ಯಾಡ, ಕೂಸಿಗೆ ಒತ್ತತೈತಿ!” ಎಂದು ಕೂಗುತ್ತಿದ್ದಳು.

ಅಂದು ಯಾರೂ ಬಾಗಲಿಲ್ಲ. ಗಾಡಿ ದಾರದ ಹಾಗೆ ನೆಟ್ಟಗೆ ದಾಟಿತು.

ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಬಾಣಂತಿಯೂ ಉಳಿದಳು. ಸವಾರ ಹೊರಗಿನ ಬೆಂಚಿನ ಮೇಲೆ ಕೂತು ನಗುತ್ತಿದ್ದ, ಮರುಗಳಿಗೆ ಬೆವರುತ್ತಿದ್ದ. ಬಾಗಿದವರನ್ನೆಲ್ಲ ಎಳೆದ ಕಣಿವೆ ಬಾಗದವರನ್ನು ಬಿಟ್ಟದ್ದು ಹೇಗೆ? ಬಸುರಿ ಎಂದು ಕರುಣೆಯೇ? ಅಥವಾ ಶಿಕ್ಷೆ ಇನ್ನು ಮುಂದಿದೆಯೇ?

ಬಾಣಂತಿಯನ್ನು ಆಸ್ಪತ್ರೆಯಲ್ಲಿ ಸೂಲಗಿತ್ತಿಯ ಜೊತೆ ಬಿಟ್ಟು ಒಬ್ಬನೇ ಊರಿಗೆ ಹೊರಟ. ಅವಳಿಗೆ ತುಪ್ಪ, ಕಂಬಳಿ ತರಬೇಕಾಗಿತ್ತು. ಮೇಲಕ್ಕೆ ಹತ್ತುವಾಗ ಕಣಿವೆ ಬಲಗಡೆ ಇರುತ್ತದೆ. ಅಂಚು ಬಂತು. ಹತ್ತುವಾಗ ಬಾಗುವ ರೂಢಿ ಇರಲಿಲ್ಲ, ಆದರೆ ಇಳಿಯುವಾಗ ಬಾಗದ ಬಾಕಿ ತೀರಿಸಲು ಅಂದು ತಾಯಿಯತ್ತ ಬಾಗಿದ. ಗಾಡಿ ಬಲಕ್ಕೆ ಹೊರಳಿತು. ಅವನು ದಂಗಾದ. ಎಡಕ್ಕೆ ಎಳೆಯುವ ದೋಷವಾದರೆ ಬಲಕ್ಕೆ ಯಾಕೆ ಹೊರಳಬೇಕು? ಇಳಿದು ಗಾಡಿಯನ್ನು ಹಿಂದಕ್ಕೆ ಎಳೆದ. ಈ ಸಲ ಹೆಂಡತಿ ಸೊಂಟ ಹಿಡಿದಿದ್ದಾಳೆ ಎಂದು ಊಹಿಸಿಕೊಂಡು ನೆಟ್ಟಗೆ ಕೂತ. ಗಾಡಿ ನೆಟ್ಟಗೆ ಹೋಯಿತು. ಮತ್ತೆ ಹಿಂದೆ ಬಂದು ತುಸುವೇ ಬಾಗಿದ. ತುಸುವೇ ಹೊರಳಿತು. ಈ ಸಲ ಅವನು ತಿರುಗಿಸಿದ್ದು ಒಂದೇ ನಟ್ಟು, ಅದು ಗಾಡಿಯಲ್ಲಿ ಇರಲಿಲ್ಲ.

ಊರಿಗೆ ಬಂದವನೇ ಮಾವನ ಹೆಂಡತಿಯ ಮನೆಗೆ ಹೋದ. ಮುದುಕಿ ಒಲೆಯ ಮುಂದೆ ಕೂತಿದ್ದಳು.

“ಅತ್ತಿ, ನಾವು ಆ ತಾಯಿಗೆ ಬಾಗೂದು ಯಾವಾಗಿಂದ?”

“ತಾಯಿ ಎಲ್ಲಿತ್ತಪಾ ಆವಾಗ?” ಎಂದಳು ಮುದುಕಿ. “ನಿಮ್ಮ ಮಾವನ ಗಾಡಿಗೆ ಬಲಗಡೆ ಸ್ಪ್ರಿಂಗು ಸೋತು ಕುಂತಿತ್ತು. ಕೆಳಗ ಹೋಗಾಗ ಬಲಕ್ಕ ಬಂಡಿಗಲ್ಲಿಗೆ ಹಾಯತಿತ್ತು, ಮ್ಯಾಲ ಬರಾಗ ಮೆಲ್ಲಗ ಏರೂದಕ್ಕ ಏನೂ ಆಗತಿದ್ದಿಲ್ಲ. ಎಡಕ್ಕ ಬಾಗ್ರಿ, ಎಡಕ್ಕ ಬಾಗ್ರಿ ಅಂತ ಒದರತಿದ್ದ. ಹೊಸಬರು ಯಾಕ ಅಂತ ಕೇಳಿದ್ರ ಹೇಳಾಕ ಬ್ಯಾಸರ ಅವಗ. ಕೈ ಮುಗೀರಿ ಅಷ್ಟ, ಅಂದುಬಿಟ್ಟ. ಯಾರೋ ಒಂದು ಕಲ್ಲಿಟ್ರು. ಮತ್ತೊಬ್ಬರು ಅದರ ಮ್ಯಾಲ ಇನ್ನೊಂದು ಇಟ್ರು. ಅದ ತಾಯಿ ಆತು.”

ಸವಾರ ಊರಿನ ಹಿರಿಯರನ್ನು ಸೇರಿಸಿ ಇದನ್ನೆಲ್ಲ ಹೇಳಿದ. ಗಾಡಿಗೆ ರೋಗವಿಲ್ಲ, ಸ್ಪ್ರಿಂಗು ಬದಲಾಗಿದೆ, ನಾವು ಬದಲಾಗಿಲ್ಲ. ಇನ್ನು ಅಲ್ಲಿ ಬಾಗಬೇಡಿ ಎಂದ. ಹಿರಿಯನೊಬ್ಬ ಸಿಟ್ಟಿನಿಂದ ಎದ್ದ.

“ಒಂದು ಸ್ಪ್ರಿಂಗಿನ ಮಾತು ಕೇಳಿ ದೇವರನ್ನ ಬಿಡೂದೇನು?”

ಸವಾರನಿಗೂ ಅದು ಇತ್ಯರ್ಥವಾಗಿರಲಿಲ್ಲ. ಕಲ್ಲು ಇಟ್ಟದ್ದು ಸ್ಪ್ರಿಂಗಿನ ದೆಸೆಯಿಂದಲೇ ಇರಬಹುದು. ಆದರೆ ಅದರ ಮುಂದೆ ಎಷ್ಟೋ ಜನ ಕಣ್ಣೀರು ಹಾಕಿದ್ದರು, ಹರಕೆ ಹೊತ್ತಿದ್ದರು. ಅದನ್ನೆಲ್ಲ ಗುಜರಿಗೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಕೊನೆಗೆ ಹೇಳಿದ:

“ಬಿಡಬ್ಯಾಡ್ರಿ. ಗಾಡಿ ಅಂಚಿನ ಈಚೆ ನಿಲ್ಲಸ್ತೀನಿ. ಬಾಗಬೇಕು ಅನ್ನಿಸಿದವರು ಇಳೀರಿ. ನಡಕೊಂಡು ಹೋಗಿ ಬಾಗ್ರಿ. ಆಮ್ಯಾಲ ಬಂದು ನೆಟ್ಟಗ ಕುಂದರ್ರಿ, ದಾಟೋಣು.”

ಅಂದಿನಿಂದ ಗಾಡಿ ಅಲ್ಲಿ ನಿಲ್ಲತೊಡಗಿತು. ಮೊಣಕಾಲುಮಟ್ಟ ಹಿಮ, ಮುಖ ಕೊಯ್ಯುವ ಗಾಳಿ. ಕೂತಲ್ಲೇ ಸೊಂಟ ಬಾಗಿಸುತ್ತಿದ್ದವರಲ್ಲಿ ಹೆಚ್ಚಿನವರಿಗೆ ಇದ್ದಕ್ಕಿದ್ದಂತೆ ಮಂಡಿನೋವು ಬಂತು. ಇಳಿಯಲಿಲ್ಲ. ಇಳಿಯದವರಿಗೆ ಏನೂ ಆಗಲಿಲ್ಲ. ಅವರೂ ಮನೆ ಸೇರಿದರು, ಉಂಡರು, ಮಲಗಿದರು. ಹಾಗೆ ಏನೂ ಆಗುವುದಿಲ್ಲ ಎಂದು ಗೊತ್ತಾದ ಮೇಲೂ ಕೆಲವರು ಇಳಿಯುತ್ತಿದ್ದರು. ಅದೇ ಸೂಲಗಿತ್ತಿ ಪ್ರತಿ ಸಲ ಇಳಿಯುತ್ತಿದ್ದಳು. ಸವಾರ ಮಾತ್ರ ಹ್ಯಾಂಡಲ್ ಹಿಡಿದು ಕೂತೇ ಇರುತ್ತಿದ್ದ. ಬಾಗಿ ಬಾಗಿ ಮೋಸಹೋದೆ ಎಂಬ ಸಿಟ್ಟು ಅವನಲ್ಲಿ ಉಳಿದಿತ್ತು.

ಹಿಮ ಕರಗುವ ಕಾಲಕ್ಕೆ, ಒಬ್ಬನೇ ಬರುತ್ತಿದ್ದಾಗ, ಅಲ್ಲಿ ಗಾಡಿ ನಿಲ್ಲಿಸಿದ. ನಿಲ್ಲಿಸಬೇಕಾದ ಕಾರಣ ಏನೂ ಇರಲಿಲ್ಲ. ಇಳಿದ. ನಡೆದು ಹೋಗಿ ಕಲ್ಲುಗುಪ್ಪೆಯ ಮುಂದೆ ತುಸು ಹೊತ್ತು ನಿಂತ. ಬಾಗದೆ ತಿರುಗಿ ಬರಬಹುದಾಗಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಬಾಗಿದ.

ಅಜ್ಜಾರು ಕತೆ ನಿಲ್ಲಿಸಿದರು.

ಮಡಿವಾಳಯ್ಯನಿಗೆ ಅರ್ಥವಾದಂತೆಯೂ ಇತ್ತು, ಕೈಗೆ ಸಿಗದಂತೆಯೂ ಇತ್ತು. ನಾಳೆ ಬಿಳಿಮಟ್ಟಿಯವರು ಬರುತ್ತಾರೆ ಎಂಬುದು ಹಾಗೆಯೇ ಉಳಿದಿತ್ತು. ಕಡೆಗೆ ಕೈಮುಗಿದು ಹೇಳಿದ:

“ಅಜ್ಜಾರ, ಪಟ್ಟ ಒಪ್ಪಲೋ, ಬಿಡಲೋ? ನನಗೇನೂ ತಿಳಿಯಂಗಿಲ್ಲ. ನೀವು ಹ್ಯಾಂಗಂತೀರಿ ಹಂಗ.”

“ಹಂಗಾದ್ರ ಮೊದಲು ನನಗೊಮ್ಮೆ ‘ಒಲ್ಲೆ’ ಅನ್ನು, ಆಮ್ಯಾಲ ಬೇಕಾದ್ರ ಬಾಗು” ಎಂದರು ಅಜ್ಜಾರು.

ಮಡಿವಾಳಯ್ಯ ಬಾಯಿ ತೆರೆದ. ಮಾತು ಹೊರಡುವ ಮೊದಲೇ ಅವನ ಕುತ್ತಿಗೆ ಬಾಗಿತು.